ಬಿಟ್ಟುಕೊಟ್ಟ ಸೀಟು

ಆ ದಿನ ಬೆಳಿಗ್ಗೆ ನನ್ನ ಗಂಡ ಎಂದಿನಂತೆ ಎದ್ದರು. ಅಂಗಡಿ ಬಾಗಿಲಿಗೆ ತೂಗುಹಾಕಿದ್ದ ಕಪ್ಪು ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಸೀಮೆಸುಣ್ಣದಲ್ಲಿ ‘ಹನ್ನೊಂದು’ ಎಂದು ದೊಡ್ಡದಾಗಿ ಬರೆದರು. ಹನ್ನೆರಡು ತಂಡಗಳಲ್ಲಿ ಅವರ ಹಾಕಿ ತಂಡದ ಸ್ಥಾನ ಅದು. ಹಿಂದಿನ ದಿನವೂ ಹನ್ನೊಂದೇ ಇತ್ತು.

“ನಂಬರು ಬದಲಾಗಿಲ್ವಲ್ಲ, ಸುಮ್ನೆ ಯಾಕ್ರೀ ಒರೆಸೋದು?” ಎಂದೆ.

“ನಿನ್ನೆಯ ಹನ್ನೊಂದು ಹಳಸಿಹೋಯ್ತು. ಇದು ಇವತ್ತಿನ ಬಿಸಿ ಹನ್ನೊಂದು,” ಎಂದರು.

ಏಳೂ ಇಪ್ಪತ್ತಕ್ಕೆ ಬಸ್ಸು ಹೋಯಿತು. ಹಾರನ್ ಹೊಡೆಯಲಿಲ್ಲ. ಆ ಬಸ್ಸಿನ ಡ್ರೈವರ್ ನನ್ನ ಗಂಡನ ಗೆಳೆಯ. ದಿನವೂ ನಮ್ಮ ಹಲಗೆ ಓದಿ ಎರಡು ಸಲ ಹಾರನ್ ಹೊಡೆದು ಹೋಗುವವನು. ಮಗಳ ಹೆರಿಗೆಗೆಂದು ಹೆಂಡತಿಯ ಜೊತೆ ಊರಿಗೆ ಹೋಗಿದ್ದ. ಅವತ್ತು ಬಸ್ಸು ಓಡಿಸಿದವನು ಬೇರೆ ಯಾರೋ.

“ಇವನಿಗೆ ಓದೋಕೆ ಬರಲ್ವೇನೋ,” ಎಂದು ಗೊಣಗಿ ಒಳಗೆ ಬಂದರು.

ಅವರು ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಮೆಷಿನ್ನು, ಒಂದು ಇಸ್ತ್ರಿ ಮೇಜು, ಗಿರಾಕಿ ಕೂರಲು ಒಂದು ಸ್ಟೂಲು. ಪ್ಯಾಂಟು ಹೊಲಿಯುವವರು ಬೀದಿಗೆ ಇಬ್ಬರಿದ್ದರು. ಹಾಕಿ ಜರ್ಸಿಯ ಬೆನ್ನಿಗೆ ಆಟಗಾರನ ಹೆಸರು ಹೊಲಿಯುವವರು ಇವರೊಬ್ಬರೇ. ಒಂದು ಅಕ್ಷರವೂ ಸೊಟ್ಟಗಾಗುತ್ತಿರಲಿಲ್ಲ. ಮಾತು ಮಾತ್ರ ಸೊಟ್ಟ.

ಐದು ವರ್ಷದ ಹಿಂದೆ ತಂಡದವರು ನಾಯಕನನ್ನು ಬೇರೆ ತಂಡಕ್ಕೆ ಕೊಟ್ಟುಬಿಟ್ಟರು. ಆಮೇಲೆ ಗೋಲ್‌ಕೀಪರನ್ನು ಕಳಿಸಿದರು. ಕೇಳಿದರೆ, ತಂಡವನ್ನು ಹೊಸದಾಗಿ ಕಟ್ಟುತ್ತಿದ್ದೇವೆ, ತಾಳ್ಮೆ ಇರಲಿ ಎಂದರು. ಜನ ಜರ್ಸಿ ಹಿಡಿದುಕೊಂಡು ನಮ್ಮ ಅಂಗಡಿಗೆ ಬಂದರು. ಹೋದವನ ಹೆಸರು ಬಿಚ್ಚಿ, ಬಂದವನ ಹೆಸರು ಹಾಕಿ ಅಂದರು. ಮರುವರ್ಷ ಬಂದವನೂ ಹೋದ. ಬಿಚ್ಚಿ ಹೊಲಿದು, ಬಿಚ್ಚಿ ಹೊಲಿದು ಜರ್ಸಿಗಳ ಬೆನ್ನು ಜರಡಿಯಾಯಿತು. ಮೂರನೇ ವರ್ಷಕ್ಕೆ ಜನ ಹೆಸರು ಹಾಕಿಸುವುದನ್ನೇ ಬಿಟ್ಟರು.

“ಮನೆ ಕಟ್ತೀವಿ ಅಂತ ಗೋಡೆ ಕೆಡವಿದ್ರು,” ಎನ್ನುತ್ತಿದ್ದರು ಇವರು. “ಆಮೇಲೆ ಬಾಗಿಲು ಕಿಟಕಿ ಕಿತ್ತು ಪಕ್ಕದ ಮನೆಯವರಿಗೆ ಕೊಟ್ರು. ಈಗ ನಮ್ಮನ್ನ ಬಯಲಲ್ಲಿ ಕೂರಿಸಿ, ಗಾಳಿ ಚೆನ್ನಾಗಿ ಬರುತ್ತಲ್ವಾ ಅಂತಾರೆ.”

ಬೈದರೂ ಒಂದು ಪಂದ್ಯವನ್ನೂ ತಪ್ಪಿಸಿದವರಲ್ಲ. ಮೈದಾನದ ಪೂರ್ವದ ಕಡೆ, ಇಪ್ಪತ್ತನೇ ಸಾಲಿನಲ್ಲಿ ಅವರದೂ ಡ್ರೈವರದೂ ಅಕ್ಕಪಕ್ಕದ ಸೀಟು. ವರ್ಷವರ್ಷವೂ ಅದೇ ಸೀಟು, ಇಪ್ಪತ್ತೆರಡು ವರ್ಷದಿಂದ. ಒಮ್ಮೆ ಬಿಟ್ಟುಕೊಟ್ಟರೆ ಮುಗಿಯಿತು. ಕಾಯುವವರ ಪಟ್ಟಿಯಲ್ಲಿ ಮುಂದಿರುವವನಿಗೆ ಹೋಗುತ್ತದೆ. ನಾನು ಯಾವತ್ತೂ ಹೋದವಳಲ್ಲ. ಅವರು ಬಾ ಎಂದು ಕರೆಯಲಿಲ್ಲ, ನಾನು ಬರುತ್ತೇನೆ ಎಂದು ಹೇಳಲಿಲ್ಲ.

ಹಿಂದಿನ ದಿನ ಸೀಸನ್ನಿನ ಕೊನೆಯ ಪಂದ್ಯ. ಐದು ಗೋಲಿನಿಂದ ಸೋತಿದ್ದರು. ಬಸ್ಸು ಹಾರನ್ ಹೊಡೆಯದ ಆ ದಿನ ಮಧ್ಯಾಹ್ನ ಇಸ್ತ್ರಿ ಮೇಜಿನ ಮೇಲೆ ಕಾಗದ ಇಟ್ಟುಕೊಂಡು ಬರೆದರು. ಲಕೋಟೆಗೆ ಅಂಟು ಹಚ್ಚಿ ನನ್ನ ಕೈಗೆ ಕೊಟ್ಟರು.

“ಸೀಟು ಬಿಟ್ಟೆ. ಸಾಕಾಯ್ತು. ಇದನ್ನ ಅಂಚೆಗೆ ಹಾಕು.”

“ನಿಜಾನಾ?”

“ನಿಜ ಕಣೇ. ಅರ್ಜೆಂಟೇನಿಲ್ಲ, ನಿಧಾನಕ್ಕೆ ಹಾಕು.”

ಹೇಳಿದ ಕೆಲಸವನ್ನು ಇಟ್ಟುಕೊಂಡು ಕೂರುವ ಜಾಯಮಾನ ನನ್ನದಲ್ಲ. ಸಂಜೆ ಹಾಲಿಗೆ ಹೋದಾಗ ಡಬ್ಬಿಗೆ ಹಾಕಿ ಬಂದೆ. ಹಾಕಿದೆ ಎಂದು ಹೇಳಿದೆ. ಅವರು ಸೂಜಿಗೆ ದಾರ ಪೋಣಿಸುತ್ತಿದ್ದರು. ದಾರ ತಪ್ಪಿತು. “ಆಗಲೇ ಹಾಕಿಬಿಟ್ಯಾ?” ಎಂದರು.

ಮರುದಿನ ಹನ್ನೊಂದು ಗಂಟೆಗೆ ಮೆಷಿನ್ನಿನ ಸದ್ದು ನಿಂತಿತು. ನಾನು ಟೀ ತಂದೆ. ತಲೆ ಮೆಷಿನ್ನಿನ ಮೇಲಿತ್ತು. ಹೃದಯ ಎಂದರು ಡಾಕ್ಟರು. ಅಷ್ಟೇ.

ಹದಿನೈದು ದಿನವಾದ ಮೇಲೆ ಡ್ರೈವರ್ ಊರಿಂದ ಬಂದ. ಹೆರಿಗೆ ಕಷ್ಟವಾಗಿತ್ತಂತೆ, ಮೊದಲೇ ಬರಲು ಆಗಿರಲಿಲ್ಲ. ಸ್ಟೂಲಿನ ಮೇಲೆ ಕೂತು ಅತ್ತ. ಆಮೇಲೆ ಮೂಗು ಒರೆಸಿಕೊಂಡು ಕೇಳಿದ.

“ಈ ಸಲ ಕಾಗದ ಬರೀಲಿಲ್ವಾ ಅತ್ತಿಗೆ?”

“ಬರೆದ್ರು. ನಾನೇ ಅಂಚೆಗೆ ಹಾಕ್ದೆ.”

ಅವನು ಎದ್ದು ನಿಂತ. “ಹಾಕಿಬಿಟ್ರಾ? ಡಬ್ಬಿ ಒಳಗೇನಾ?”

“ಡಬ್ಬಿ ಒಳಗಲ್ಲದೆ ಮೇಲಿಟ್ಟು ಬರ್ತಾರಾ ಡ್ರೈವರೇ? ಹಾಕು ಅಂದ್ರು, ಹಾಕ್ದೆ.”

ಅವನು ತನ್ನ ಖಾಕಿ ಚೀಲದ ತಳದಿಂದ ನಾಲ್ಕು ಲಕೋಟೆ ತೆಗೆದು ಮೇಜಿನ ಮೇಲಿಟ್ಟ. ಎಲ್ಲದರ ಮೇಲೂ ನನ್ನ ಗಂಡನ ಅಕ್ಷರ. ಒಂದನ್ನೂ ಒಡೆದಿರಲಿಲ್ಲ.

“ವರ್ಷಾ ವರ್ಷಾ ಬರೆದು ನನ್ನ ಕೈಲಿ ಕೊಡ್ತಿದ್ದ. ಹಾಕು ಅಂತಿದ್ದ. ನಾನು ಹಾಕಲ್ಲ ಅಂತ ಅವನಿಗೆ ಗೊತ್ತಿತ್ತು. ಕೋಪ ಇಳಿಸೋಕೆ ಒಂದು ಕಾಗದ ಬೇಕಿತ್ತು, ಅಷ್ಟೆ.”

“ಹಾಗಿದ್ರೆ ನನ್ನ ಕೈಗೆ ಯಾಕೆ ಕೊಟ್ರು?”

“ನಾನು ಇರ್ಲಿಲ್ವಲ್ಲ ಅತ್ತಿಗೆ.”

ದಾರ ತಪ್ಪಿದ್ದು ನೆನಪಾಯಿತು. ಅವರಿಗೆಂದು ನಾನು ಮಾಡಿದ ಕೊನೆಯ ಕೆಲಸ ಅದು. ಇಪ್ಪತ್ತೆರಡು ವರ್ಷದ ಸೀಟನ್ನು ಹಾಲು ತರುವ ದಾರಿಯಲ್ಲಿ ಬಿಸಾಡಿ ಬಂದಿದ್ದೆ. ಅವರೂ ಇಲ್ಲ, ಅವರು ಕೂರುವ ಜಾಗವೂ ಇಲ್ಲ. ಆ ದಿನ ಒಲೆಯನ್ನೇ ಹಚ್ಚಲಿಲ್ಲ.

ಮರುದಿನ ಡ್ರೈವರ್ ನನ್ನನ್ನು ಮೈದಾನಕ್ಕೆ ಕರೆದುಕೊಂಡು ಹೋದ. ಪೂರ್ವದ ಮೆಟ್ಟಿಲುಗಳ ಕೆಳಗೆ ಒಂದು ಚಿಕ್ಕ ಆಫೀಸು. ಟ್ಯೂಬ್‌ಲೈಟು, ಕಬ್ಬಿಣದ ಮೇಜು, ಗೋಡೆಗೆ ಸೀಟುಗಳ ನಕ್ಷೆ. ಕೂತಿದ್ದ ಹೆಂಗಸಿಗೆ ನನ್ನಷ್ಟೇ ವಯಸ್ಸು. ಸೀಟಿನ ಮೇಡಂ ಎಂದೇ ಎಲ್ಲರೂ ಕರೆಯುವುದಂತೆ. ನಾನು ಸುತ್ತಿ ಬಳಸಲಿಲ್ಲ.

“ನನ್ನ ಗಂಡ ಸೀಟು ಬಿಟ್ಟೆ ಅಂತ ಕಾಗದ ಬರೆದಿದ್ರು. ಅವರಿಗೆ ಬಿಡೋ ಮನಸ್ಸಿರಲಿಲ್ಲ. ನಾನು ದಡ್ಡಿ, ಅಂಚೆಗೆ ಹಾಕಿಬಿಟ್ಟೆ. ಅವರು ತೀರಿಕೊಂಡ್ರು. ಸೀಟು ಬೇರೆಯವರಿಗೆ ಹೋಯ್ತಾ?”

ಆಕೆ ಸಾಲು ಕೇಳಿದಳು, ನಂಬರು ಕೇಳಿದಳು. ಮೇಜಿನ ಕೆಳಗಿನ ಖಾನೆ ಎಳೆದಳು. ಒಳಗೆ ಲಕೋಟೆಗಳ ಕಟ್ಟುಗಳು, ಒಂದೊಂದಕ್ಕೂ ರಬ್ಬರ್ ಬ್ಯಾಂಡು.

“ಸೋತ ವಾರದಲ್ಲಿ ಬಂದ ಕಾಗದ ನಾನು ಒಡೆಯೋದೇ ಇಲ್ಲಮ್ಮ. ಹೊಸ ಆಟಗಾರರ ಪಟ್ಟಿ ಬರೋವರೆಗೂ ಹೀಗೇ ಬಿದ್ದಿರುತ್ತೆ. ಆಮೇಲೆ ಅರ್ಧ ಜನ ಓಡಿ ಬಂದು ವಾಪಸ್ ಕೊಡಿ ಅಂತಾರೆ.”

“ಇನ್ನರ್ಧ?” ಎಂದ ಡ್ರೈವರ್.

“ಅವರಿಗೆ ನಾಚಿಕೆ. ಫೋನ್ ಮಾಡ್ತಾರೆ.”

ಲಕೋಟೆ ಸಿಕ್ಕಿತು. ಅಂಟು ಹಾಗೇ ಇತ್ತು. ಓದಿ ಹೇಳಿ ಎಂದೆ. ಆಕೆ ಒಡೆದು ಓದಿದಳು.

“‘ಮಾನ್ಯರೇ, ನೀವು ತಂಡ ಕಟ್ಟಿ ಮುಗಿಸುವಷ್ಟರಲ್ಲಿ ನಾವು ಮುಗಿಯುತ್ತೇವೆ. ನನ್ನ ಸೀಟು ತೆಗೆದುಕೊಳ್ಳಿ. ಅದರ ಎಡಗಡೆಯ ಬೋಲ್ಟು ಸಡಿಲವಾಗಿದೆ, ಕೂರುವವರಿಗೆ ತಿಳಿಸಿ, ಪ್ಯಾಂಟು ಹರಿಯುತ್ತದೆ. ಹದಿನೇಳನೇ ನಂಬರಿನವನು ಚೆನ್ನಾಗಿ ಓಡುತ್ತಾನೆ. ಅವನನ್ನಾದರೂ ಇಟ್ಟುಕೊಳ್ಳಿ. ಮುಂದಿನ ವರ್ಷ ನೋಡೋಣ.’”

ಮುಂದಿನ ವರ್ಷ ನೋಡೋಣ. ಸೀಟು ಬಿಟ್ಟವನು ಹಾಗೆ ಬರೆಯುತ್ತಾನಾ? ಡ್ರೈವರ್ ನಕ್ಕ. ನನಗೂ ನಗು ಬಂತು. ನಗುತ್ತಲೇ ಕಣ್ಣು ತುಂಬಿತು.

“ಸೀಟು ಯಾರ ಹೆಸರಿಗೆ ಹಾಕಲಿ?” ಎಂದು ಕೇಳಿದಳು ಮೇಡಂ.

“ನನ್ನ ಹೆಸರಿಗೆ.”

“ಆಟ ಗೊತ್ತಾ?”

“ಬೈಯೋದು ಗೊತ್ತು. ಆಟ ಕಲೀತೀನಿ.”

ಆಕೆ ಕಾಗದವನ್ನು ಮಡಚಿ ನನ್ನ ಕೈಗೇ ಕೊಟ್ಟಳು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಅವರು ಹೋದ ಮೇಲೆ ಮೊದಲ ಸಲ ಹಸಿವಾಯಿತು. ಡ್ರೈವರ್ ಎರಡು ಬನ್ನು ತಂದ. ಎರಡನ್ನೂ ನಾನೇ ತಿಂದೆ.

ಈಗ ಹೊಸ ಸೀಸನ್ ಶುರುವಾಗಿದೆ. ನಾಲ್ಕು ಪಂದ್ಯಕ್ಕೆ ಹೋಗಿದ್ದೇನೆ. ಎರಡು ಸೋತರು, ಒಂದು ಸಮ, ಒಂದು ಗೆದ್ದರು. ಗೆಲ್ಲಿಸಿದ ಗೋಲು ಹದಿನೇಳನೇ ನಂಬರಿನವನದು. ಅವನನ್ನು ಇಟ್ಟುಕೊಂಡಿದ್ದಾರೆ. ಬೋಲ್ಟನ್ನು ಯಾರೂ ಸರಿಮಾಡಿಲ್ಲ. ಬಟ್ಟೆ ಮಡಚಿ ಅದರ ಮೇಲೆ ಹಾಕಿಕೊಂಡು ಕೂರುತ್ತೇನೆ. ಸೋತಾಗ ಡ್ರೈವರಿಗಿಂತ ಜೋರಾಗಿ ನಾನೇ ಬೈಯುತ್ತೇನಂತೆ.

ಬೆಳಿಗ್ಗೆ ಎದ್ದರೆ ಮೊದಲು ಹಲಗೆ. ಅವರು ಹೋದ ಮೊದಲ ದಿನಗಳಲ್ಲಿ ಅದು ನೆನಪಿರಲಿಲ್ಲ. ಮೈದಾನದಿಂದ ಬಂದ ಮರುದಿನ ಶುರುಮಾಡಿದೆ. ಸೀಸನ್ ಇಲ್ಲದ ತಿಂಗಳುಗಳಲ್ಲೂ ದಿನಾ ಒರೆಸಿ ‘ಹನ್ನೊಂದು’ ಬರೆದೆ. ನನ್ನ ಅಕ್ಷರ ಅವರದರಷ್ಟು ನೆಟ್ಟಗಿಲ್ಲ. ಇವತ್ತು ಒದ್ದೆ ಬಟ್ಟೆಯಿಂದ ಒರೆಸಿ, ಸೀಮೆಸುಣ್ಣ ತೆಗೆದುಕೊಂಡು ‘ಒಂಬತ್ತು’ ಎಂದು ಬರೆದೆ. ಏಳೂ ಇಪ್ಪತ್ತಕ್ಕೆ ಬಸ್ಸು ಬಂತು, ನಿಧಾನಿಸಿತು, ಎರಡು ಸಲ ಹಾರನ್ ಹೊಡೆದು ಹೋಯಿತು. ನಾನು ಬಟ್ಟೆ ಹಿಂಡಿ ಮೊಳೆಗೆ ನೇತುಹಾಕಿದೆ.