ಕಿನುಯೊಗೆ ಸಿಗದ ಕೋವಿ

ನಮ್ಮೂರಿನ ಬೇಟೆ ತಂಡದಲ್ಲಿ ಕೊನೆಗೆ ಉಳಿದದ್ದು ಗೆಂಜೊ ಅಜ್ಜ ಒಬ್ಬರೇ. ಕಣ್ಣು ಮಂಜಾದಾಗ ಅವರೂ ಕೋವಿಯನ್ನು ಪೊಲೀಸರಿಗೆ ಒಪ್ಪಿಸಿದರು. ಗುಡ್ಡದ ಕಿತ್ತಳೆ ತೋಟಗಳಿಗೆ ಕಾಡುಹಂದಿ ನುಗ್ಗತೊಡಗಿದ್ದೇ ಆಗ. "ನಾನು ಕಲಿತೀನಿ" ಎಂದು ಮುಂದೆ ಬಂದವಳು ಕಿನುಯೊ. ವಯಸ್ಸು ಐವತ್ತೆರಡು, ವೃದ್ಧಾಶ್ರಮದಲ್ಲಿ ಅಡುಗೆ ಕೆಲಸ.

ಕೋವಿ ಬಳಸುವುದನ್ನು ಕಲಿಸುವ ತರಗತಿಗೆ ಹೋದಳು. ಪರೀಕ್ಷೆಯಲ್ಲಿ ಒಮ್ಮೆ ಬಿದ್ದು ಎರಡನೆಯ ಸಲ ಗೆದ್ದಳು. ತಲೆ ನೆಟ್ಟಗಿದೆ ಎಂದು ವೈದ್ಯರಿಂದ ಬರೆಸಿಕೊಂಡಳು. ಕೋವಿಯಿಡಲು ಕಬ್ಬಿಣದ ಕಪಾಟನ್ನೂ ತಂದು ಗೋಡೆಗೆ ಬಿಗಿಸಿ, ಕೋವಿಯ ಪರವಾನಗಿಗೆ ಪೊಲೀಸರಲ್ಲಿ ಅರ್ಜಿ ಹಾಕಿದಳು. ಆಮೇಲೆ ಪೊಲೀಸ್ ಅಧಿಕಾರಿ ಮಿಯೋಶಿ ನೆರೆಹೊರೆಯಲ್ಲಿ ವಿಚಾರಿಸಿ ಅವಳನ್ನು ಕರೆಸಿದರು.

"ಎರಡು ವರ್ಷದ ಹಿಂದೆ ಪಕ್ಕದ ಮನೆಯವರ ಮುಂದೆ ಕುಡುಗೋಲು ಹಿಡ್ಕೊಂಡು ಕೂಗಾಡಿದ್ರಂತೆ?"

"ಅವರು ಪ್ಲಾಸ್ಟಿಕ್ ಸುಡ್ತಿದ್ರು, ನಾನು ಹುಲ್ಲು ಕೊಯ್ತಿದ್ದೆ. ಕೈಯಲ್ಲಿ ಕುಡುಗೋಲು ಬಿಟ್ಟು ಬೀಸಣಿಗೆ ಇರುತ್ತಾ?"

"ನೋಡಿ, ಈಗ್ಲೂ ಸಿಟ್ಟು ಬಂತಲ್ಲ." ಮಿಯೋಶಿ ಬರೆದುಕೊಂಡರು. "ಅರ್ಜಿ ನೀವೇ ವಾಪಸ್ ತಗೊಂಡ್ರೆ ಒಳ್ಳೇದು."

ಅವಳು ಅರ್ಜಿ ವಾಪಸ್ ತೆಗೆದುಕೊಳ್ಳದೆ ಎದ್ದು, ನೇರವಾಗಿ ಪಕ್ಕದ ಮನೆಯ ಯಾಸುಕಿಚಿ ಬಳಿಗೆ ಹೋದಳು.

"ಯಾಕೆ ಹಾಗೆ ಹೇಳಿದ್ರಿ?"

"ಕೇಳಿದ್ರು, ಇದ್ದದ್ದು ಹೇಳ್ದೆ ಕಣಮ್ಮ. ಪೊಲೀಸರ ಹತ್ರ ಸುಳ್ಳು ಹೇಳಕ್ಕಾಗುತ್ತಾ?"

"ಹಂದಿ ನಿಮ್ಮ ತೋಟಾನೂ ಬಿಡ್ತಿಲ್ಲ."

"ಹಂದಿ ನನ್ನ ಮೇಲೆ ಕೂಗಾಡಲ್ಲ."

ಅರ್ಜಿ ಒಂಬತ್ತು ತಿಂಗಳು ಕೂತಿತು. ಅಷ್ಟರಲ್ಲಿ ವೈದ್ಯರ ಪತ್ರ ಹಳತಾಯಿತೆಂದು ಹೊಸದು ಕೇಳಿದರು. ತಂದುಕೊಟ್ಟಳು.

ಬೇಸತ್ತು, ಬೋನಿಟ್ಟು ಹಂದಿ ಹಿಡಿಯುವ ಪರವಾನಗಿ ಮಾಡಿಸಿದಳು. ಅದು ಬೇಗ ಸಿಕ್ಕಿತು. ನವೆಂಬರ್‌ನ ಒಂದು ಬೆಳಿಗ್ಗೆ ದೊಡ್ಡ ಗಂಡುಹಂದಿ ಬೋನಿಗೆ ಬಿತ್ತು. ಕೊಲ್ಲಲು ಊರಲ್ಲಿ ಒಂದು ಕೋವಿಯೂ ಇರಲಿಲ್ಲ. ಪಕ್ಕದ ಪಟ್ಟಣದ ಬೇಟೆಗಾರ ಬರಲು ಮೂರು ಗಂಟೆಯಾಯಿತು. ಅಷ್ಟು ಹೊತ್ತೂ ಹಂದಿ ಕಂಬಿಗೆ ಮೂತಿ ಗುದ್ದಿ ಗುದ್ದಿ ರಕ್ತ ಸುರಿಸಿಕೊಂಡಿತು.

"ಹತ್ತಿರ ಹೋಗ್ಬೇಡಿ, ಅಪಾಯ," ಎಂದರು ಮಿಯೋಶಿ. ನೋಡಿಹೋಗಲು ಬಂದಿದ್ದ ಅವರು ದೂರದಲ್ಲೇ ನಿಂತಿದ್ದರು.

"ಅದರ ಅವಸ್ಥೆ ನೋಡಿ ಸಾರ್. ಒಂದೇ ಗುಂಡಲ್ಲಿ ಮುಗೀತಿತ್ತು. ನಾನು ಕಲ್ತಿದ್ದು ಅದನ್ನೇ."

ಅವಳು ಕೂಗಲಿಲ್ಲ. ಕೂಗಿದರೆ ಅದನ್ನೂ ಬರೆದುಕೊಳ್ಳುತ್ತಾರೆಂದು ಗೊತ್ತಿತ್ತು. ಮಿಯೋಶಿ ತಲೆ ತಗ್ಗಿಸಿದರು.

ಬೇಟೆಗಾರ ಬಂದು ಗುಂಡು ಹಾರಿಸಿದ. ಮಧ್ಯಾಹ್ನದ ಅಡುಗೆಗೆ ತಡವಾಗಿತ್ತು. ಕಿನುಯೊ ಮುಖ ತೊಳೆದು ವೃದ್ಧಾಶ್ರಮಕ್ಕೆ ಓಡಿದಳು. ಅವಳ ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ.