ಗಿರಗಿಟ್ಲೆ ಅಕ್ಕ ಮೂರು ಸಲ ಅಳೆದದ್ದು

ಆಸ್ಪತ್ರೆಯ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಅವಳಿಗೆ ಗಿರಗಿಟ್ಲೆ ಅಕ್ಕ ಎಂದೇ ಹೆಸರು. ಇರದೇ ಏನು! ಇಪ್ಪತ್ತೆರಡು ವರ್ಷ ರಕ್ತದ ನಳಿಕೆಗಳನ್ನು ಯಂತ್ರಕ್ಕಿಟ್ಟು ಗಿರ್ರನೆ ತಿರುಗಿಸಿ, ಮೇಲೆ ನಿಂತ ಹಳದಿ ತಿಳಿಯನ್ನು ಬೇರ್ಪಡಿಸಿದವಳು ಅವಳು. ರಕ್ತದ ಕ್ಯಾನ್ಸರಿನವರ ಆ ತಿಳಿಯಲ್ಲಿ ಒಂದು ಪ್ರೋಟೀನ್ ಅಳೆಯುತ್ತಾರೆ. ಅದು ಐದೂವರೆ ದಾಟಿತೆಂದರೆ ರೋಗಿಯ ಮುಂದಿನ ದಾರಿ ಗಿಡ್ಡವೆಂದು ಲೆಕ್ಕ. ಅಕ್ಕ ಸಾವಿರಾರು ಸಲ ಆ ಸಂಖ್ಯೆ ಬರೆದು, ಕೈ ತೊಳೆದು, ಬುತ್ತಿ ಬಿಚ್ಚಿ ಉಂಡಿದ್ದಾಳೆ.

ಆ ಬುಧವಾರ ಬಂದ ನಳಿಕೆ ಅವಳ ತಮ್ಮನದು. ಬಸ್ಸಿನ ಸೀಟುಗಳಿಗೆ ಕುಶನ್ ಹೊಲಿಯುವವನು. ಮೊದಲ ಸುತ್ತಿನ ಮದ್ದಿಗೇ ಹಣ್ಣಾಗಿದ್ದ. ಎರಡನೆಯದು ಇನ್ನೂ ಕಟು. ಎರಡು ತಿಂಗಳು ಗಾಜಿನ ಕೋಣೆಯಲ್ಲಿ ಒಬ್ಬನೇ ಮಲಗಬೇಕು. "ಉಪಯೋಗ ಇದೆ ಅಂದ್ರೆ ಮಲಗ್ತೀನಿ. ಇಲ್ಲಾಂದ್ರೆ ಮನೇಲಿ ಮಗಳ ಜೊತೆ ಇರ್ತೀನಿ," ಎಂದಿದ್ದ. ಮಲಗಲೇಬೇಕೆಂಬುದು ಅಕ್ಕನ ಹಟ.

ಯಂತ್ರ ತೋರಿಸಿದ್ದು ಹನ್ನೊಂದು ಪಾಯಿಂಟ್ ಎಂಟು.

ಯಂತ್ರಕ್ಕೇ ಏನೋ ಆಗಿರಬೇಕೆಂದು ಬೇರೆಯವರ ತಿಳಿ ಹಾಕಿ ನೋಡಿದಳು. ಯಂತ್ರ ನೆಟ್ಟಗಿತ್ತು. ತಮ್ಮನದನ್ನು ಮತ್ತೆ ಅಳೆದಳು: ಹನ್ನೊಂದು ಪಾಯಿಂಟ್ ಒಂಬತ್ತು. ಎರಡಕ್ಕಿಂತ ಹೆಚ್ಚು ಸಲ ಅಳೆಯಬಾರದೆಂದು ಹೊಸಬರಿಗೆ ಕಲಿಸಿದವಳೇ ಮೂರನೆಯ ಸಲವೂ ಅಳೆದಳು. ಅದೇ. ಅಷ್ಟರಲ್ಲಿ ನಳಿಕೆಯ ತಳ ಕಾಣುತ್ತಿತ್ತು; ವೈದ್ಯರು ಕೇಳಿದ್ದ ಇನ್ನೊಂದು ಪರೀಕ್ಷೆಗೆ ಹನಿಯೂ ಉಳಿದಿರಲಿಲ್ಲ.

ಮರುದಿನ ಅವನನ್ನು ಮತ್ತೆ ಕರೆಸಬೇಕಾಯಿತು. ಮದ್ದಿಗೆ ಬತ್ತಿದ ತೋಳು. ಅಕ್ಕ ಮೂರು ಕಡೆ ಚುಚ್ಚಿದ ಮೇಲೆ ಮಣಿಕಟ್ಟಿನಲ್ಲಿ ನರ ಸಿಕ್ಕಿತು.

"ಏನಕ್ಕಾ, ನನ್ನನ್ನೇ ಕುಶನ್ ಮಾಡ್ಬಿಟ್ಯಲ್ಲ. ಆದ್ರೂ ನಂದು ಇದಕ್ಕಿಂತ ನೀಟು ಹೊಲಿಗೆ."

ಅವಳು ಸೂಜಿ ತೆಗೆದು ಅಲ್ಲಿಗೆ ಹತ್ತಿ ಇಟ್ಟಳು.

"ನಿನ್ನೆ ಕೊಟ್ಟ ರಕ್ತ ಏನಾಯ್ತು?"

"ಮುಗೀತು. ನಾನೇ ಕಣೋ, ಮೂರು ಸಲ ಅಳೆದೆ."

ಅವನು ಹತ್ತಿ ಒತ್ತಿಕೊಂಡ. "ಚೆನ್ನಾಗಿ ಬಂದಿದ್ರೆ ಒಂದೇ ಸಲಕ್ಕೆ ಬಿಡ್ತಿದ್ದೆ, ಅಲ್ವಾ?"

"ಆ ಸಂಖ್ಯೆ ನೂರು ಜನರ ವಿಷಯ ಹೇಳುತ್ತೆ. ನಿನ್ನೊಬ್ಬನದಲ್ಲ."

"ಸರಿ, ನನ್ನೊಬ್ಬನದು ನೀನು ಹೇಳು. ಸುಳ್ಳು ಬೇಡ."

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ನಾಲ್ಕು ಅಂದರೆ ಸಾಕು, ನಂಬಿ ಹೋಗಿ ಮಲಗುತ್ತಿದ್ದ. ಆ ಗಾಜಿನ ಕೋಣೆಯಿಂದ ನಡೆದು ಹೊರಬಂದವರೂ ಉಂಟು, ಬಾರದವರೂ ಉಂಟು.

"ಹನ್ನೊಂದು ದಾಟಿದೆ," ಎಂದಳು.

"ಇರಬೇಕಾದ್ದು?"

"ಐದೂವರೆಯೊಳಗೆ."

ಅವನು ತೋಳು ಇಳಿಸಿಕೊಂಡು ಎದ್ದ. "ಸಂಜೆ ಮನೆಗೆ ಬಾ. ಸೂಜಿ ತರಬೇಡ."

ಮನೆಯಲ್ಲೇ ಇದ್ದ, ಐದು ತಿಂಗಳು. ಮದ್ದು ತಗೊಂಡಿದ್ದರೆ ಅಪ್ಪ ಇನ್ನೆಷ್ಟು ದಿನ ಇರುತ್ತಿದ್ದನೆಂದು ಅವನ ಮಗಳು ಆಮೇಲೊಮ್ಮೆ ಕೇಳಿದಳು. "ಗೊತ್ತಿಲ್ಲ, ಮಗಾ," ಎಂದಳು ಅಕ್ಕ. ನಿಜಕ್ಕೂ ಅವಳಿಗೆ ಗೊತ್ತಿರಲಿಲ್ಲ.