ಬೀದಿಗೆ ಹಂಚಿದ ಎಳ್ಳು

ವಿಜಯವಾಡದಲ್ಲಿ ನಾವಿದ್ದ ಬೀದಿಯ ಜನರಿಗೆ ತಮ್ಮ ಬೀದಿಯೆಂದರೆ ಬಹಳ ಹೆಮ್ಮೆ. ಹೊಸಬರು ಯಾರೇ ಬರಲಿ, "ಮಾ ವೀಧಿ ಲಾಂಟಿದಿ ಬೆಜವಾಡಲೋನೇ ಲೇದಂಡೀ" ಎನ್ನುತ್ತಿದ್ದರು. ತಮ್ಮ ಬೀದಿಯಂಥದ್ದು ಇಡೀ ಊರಲ್ಲೇ ಇಲ್ಲವಂತೆ. ಇರಲಾರದು, ನಾನೂ ಒಪ್ಪುತ್ತೇನೆ. ಮನೆಮನೆಯವರೂ ಮೆಟ್ಟಿಲನ್ನು ರಸ್ತೆಗೆ ಚಾಚಿ, ಮೆಟ್ಟಿಲಾಚೆ ಸ್ಕೂಟರ್ ನಿಲ್ಲಿಸಿ, ಅದೂ ಸಾಲದೆಂದು ಒಂದು ಮಂಚ ಹಾಕಿಕೊಂಡು ಕೂತು, ರಸ್ತೆ ಎಷ್ಟು ಕಿರಿದಾಯಿತಲ್ಲ ಎಂದು ಸರ್ಕಾರವನ್ನು ಬೈಯುವ ಬೀದಿ ಬೇರೆಲ್ಲಿ ಸಿಗಬೇಕು? ಬೆಳಿಗ್ಗೆ ಒಬ್ಬರು ತಮ್ಮ ಬಾಗಿಲ ಕಸವನ್ನು ಪಕ್ಕದವರ ಬಾಗಿಲಿಗೆ ಗುಡಿಸಿದರೆ, ಅವರು ಅದರಾಚೆಯ ಬಾಗಿಲಿಗೆ ಗುಡಿಸುತ್ತಿದ್ದರು. ಹೀಗೆ ನಡೆದು ನಡೆದು ಕಸ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ನಮ್ಮ ಗೇಟಿನ ಮುಂದೆ.

ನಮ್ಮದು ಬೀದಿಯ ಕೊನೆಯ ಮನೆ. ಬೀದಿ ನೇರವಾಗಿ ಬಂದು ನಮ್ಮ ಗೇಟಿಗೆ ಮುಟ್ಟಿ, ಅಲ್ಲಿಂದ ಎಡಕ್ಕೂ ಬಲಕ್ಕೂ ಒಡೆಯುತ್ತಿತ್ತು. ಅಂಥ ಮನೆಗೆ ಅಲ್ಲಿ ವೀಧಿಪೋಟು ಎನ್ನುತ್ತಾರೆ. ಬೀದಿ ಬಂದು ಮನೆಯನ್ನು ತಿವಿಯುತ್ತದಂತೆ, ಒಳಗಿದ್ದವರು ಉದ್ಧಾರವಾಗುವುದಿಲ್ಲವಂತೆ. ಹಾಗಾಗಿ ಆ ಮನೆ ಬಹಳ ದಿನ ಖಾಲಿ ಬಿದ್ದಿತ್ತು. ನನ್ನ ಗಂಡನಿಗೆ ಆಟೋನಗರದಲ್ಲಿ ಲಾರಿ ರಿಪೇರಿ ಮಾಡುವ ವರ್ಕ್‌ಶಾಪಿನ ಉಸ್ತುವಾರಿ. ಮನೆಯಿಂದ ಹತ್ತಿರ, ಗಾಳಿ ಬೆಳಕು ಚೆನ್ನಾಗಿದೆ, ಇನ್ನೇನು ಬೇಕು ಎಂದು ತಿಪಟೂರಿನಿಂದ ಬಂದಿಳಿದ ನಾವು ಹಿಂದೆಮುಂದೆ ನೋಡದೆ ಹಿಡಿದುಕೊಂಡೆವು.

ಆ ಮನೆ ಯಾಕೆ ಖಾಲಿ ಇತ್ತೆಂದು ಮೊದಲ ವಾರವೇ ಗೊತ್ತಾಯಿತು. ದೀಪ ಹಚ್ಚುವ ಹೊತ್ತಾಯಿತೆಂದರೆ ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಬರುತ್ತಿದ್ದರು. ಯಾರದೋ ಮಗು ಊಟ ಬಿಟ್ಟಿದೆ, ಯಾರದೋ ಮಗನಿಗೆ ಹೊಸ ಬೈಕು ಬಂದಿದೆ, ಯಾರದೋ ಸೊಸೆ ಬೆಳ್ಳಗಿದ್ದಾಳೆ. ದೃಷ್ಟಿ ತೆಗೆಯಲು ಅವರಿಗೆ ಕಾರಣಗಳ ಬರವಿರಲಿಲ್ಲ. ನಿವಾಳಿಸಿದ ನಿಂಬೆಹಣ್ಣು, ಒಣಮೆಣಸಿನಕಾಯಿ, ಉಪ್ಪು, ಕುಂಕುಮ ತುಂಬಿ ಒಡೆದ ಬೂದುಗುಂಬಳ, ಎಲ್ಲವನ್ನೂ ಮೂರು ದಾರಿ ಕೂಡುವ ಜಾಗದಲ್ಲಿ, ಎಂದರೆ ನಮ್ಮ ಗೇಟಿನೆದುರು ಚೆಲ್ಲುವುದು, ಹಿಂದಿರುಗಿ ನೋಡದೆ ನಡೆದುಬಿಡುವುದು, ತಮ್ಮ ಮನೆಯ ಹೊರಗೆ ಕಾಲು ತೊಳೆದುಕೊಂಡು ಒಳಗೆ ಹೋಗುವುದು. ಅವರ ಮನೆ ಶುದ್ಧವಾಯಿತು. ನಮ್ಮ ಮನೆಯ ಪಾಡು ಏನೆಂದು ಒಬ್ಬರೂ ಕೇಳಲಿಲ್ಲ.

ಬೆಳಿಗ್ಗೆ ಎದ್ದು ಬೀದಿಯವರ ದೃಷ್ಟಿಯನ್ನೆಲ್ಲ ತೆಂಗಿನಕಡ್ಡಿ ಪೊರಕೆಯಿಂದ ಗುಡಿಸಿ ಮೊರಕ್ಕೆ ತುಂಬಿ ಮುನಿಸಿಪಾಲಿಟಿ ತೊಟ್ಟಿಗೆ ಸುರಿಯುವುದು ನನ್ನ ಕೆಲಸವಾಯಿತು. ಸುರಿಯುತ್ತಾ ಬೈಯುತ್ತಿದ್ದೆ. ಕನ್ನಡದಲ್ಲಿ ಬೈದರೆ ಅವರಿಗೆ ಅರ್ಥವಾಗುತ್ತಿರಲಿಲ್ಲ, ಅದೊಂದು ಅನುಕೂಲ. ಗಂಡ ಮಾತ್ರ ಹಲ್ಲುಜ್ಜುತ್ತಾ ಕೇಳಿಸಿಕೊಂಡು, "ಅವ್ರ ನಂಬಿಕೆ ಅವ್ರಿಗೆ. ನಿಂಗ್ಯಾಕೆ ಇಲ್ಲದ ಉಸಾಬರಿ, ಸುಮ್ನಿರೆ" ಎನ್ನುತ್ತಿದ್ದರು. ಪೊರಕೆ ಹಿಡಿಯದವರಿಗೆ ಇಂಥ ಔದಾರ್ಯ ಸುಲಭ.

ನಾನು ಸುಮ್ಮನಿರುತ್ತಿದ್ದೆನೇನೋ, ಮಗಳಿಲ್ಲದಿದ್ದರೆ. ಅವಳಿಗಾಗ ನಾಲ್ಕು ವರ್ಷ. ಸಂಜೆ ಬೀದಿಯ ಮಕ್ಕಳೆಲ್ಲ ಕೂಗಾಡಿಕೊಂಡು ಆಡುವಾಗ ಇವಳು ಗೇಟಿನ ಸರಳು ಹಿಡಿದು ನಿಂತಿರುತ್ತಿದ್ದಳು. ಆ ಮಕ್ಕಳು ನಮ್ಮ ಗೇಟಿನ ಹತ್ತಿರ ಬರುತ್ತಿರಲಿಲ್ಲ, ಬರಬೇಡಿ ಎಂದು ಹೇಳಿಟ್ಟಿದ್ದರು. ದೃಷ್ಟಿ ಗುಡಿಸುವವಳ ಮಗಳನ್ನು ಕರೆಯುತ್ತಲೂ ಇರಲಿಲ್ಲ. ದೊಡ್ಡವರು ನನ್ನೊಂದಿಗೆ ಹೇಗಾದರೂ ಇರಲಿ, ಇದು ನನ್ನ ಹೊಟ್ಟೆಗೆ ಬೆಂಕಿ ಇಟ್ಟಂತಾಗುತ್ತಿತ್ತು. ಈ ಬೀದಿ ನನಗೆ ಬೇಕಿರಲಿಲ್ಲ, ಆದರೆ ನನ್ನ ಮಗಳಿಗೆ ಆಡಲು ಬೇರೆ ಬೀದಿ ಇರಲಿಲ್ಲ.

ಆ ವರ್ಷ ಭೋಗಿಯ ಸಂಜೆ ನಮ್ಮ ಓರೆಯ ಎದುರು ಮನೆಯಲ್ಲಿ ಮಕ್ಕಳಿಗೆಲ್ಲ ಭೋಗಿಪಳ್ಳು. ಚಿಕ್ಕ ಮಕ್ಕಳನ್ನು ಮಣೆಯ ಮೇಲೆ ಸಾಲಾಗಿ ಕೂರಿಸಿ, ತಲೆಯ ಮೇಲೆ ಬೋರೆಹಣ್ಣು, ಹೂವು, ಕಬ್ಬಿನ ತುಂಡು ಸುರಿದು ಹರಸುತ್ತಾರೆ. ಆ ಮನೆಯ ಹಿರಿಯ ಹೆಂಗಸನ್ನು ಬೀದಿಯೆಲ್ಲ ಮಾಮ್ಮಗಾರು, ಎಂದರೆ ಅಜ್ಜಿಯವರು, ಎಂದು ಕರೆಯುತ್ತಿತ್ತು. ಆಕೆಯ ಮಾತಿಲ್ಲದೆ ಬೀದಿಯಲ್ಲಿ ಒಂದು ಹಪ್ಪಳವೂ ಒಣಗುತ್ತಿರಲಿಲ್ಲ. ಎಲ್ಲ ಮನೆಯ ಮಕ್ಕಳಿಗೂ ಕರೆ ಹೋಯಿತು. ನಮ್ಮ ಮನೆಗೆ ಬರಲಿಲ್ಲ. ಮಗಳು ರೇಷ್ಮೆ ಲಂಗ ಹಾಕಿಸಿಕೊಂಡು ಗೇಟಿನಲ್ಲೇ ನಿಂತು, ಆ ಮನೆಯ ಜಗಲಿಯಿಂದ ರಸ್ತೆಗೆ ಉರುಳಿದ ಬೋರೆಹಣ್ಣುಗಳನ್ನು ನೋಡುತ್ತಿದ್ದಳು. ಅಳಲಿಲ್ಲ. ಅತ್ತಿದ್ದರೆ ಒಂದೇಟು ಕೊಟ್ಟು ನಾನೂ ಅತ್ತು ಹಗುರಾಗುತ್ತಿದ್ದೆ.

ಮಾರನೆಯ ದಿನ ಸಂಕ್ರಾಂತಿ. ಇವರೇನು ಕರೆಯುವುದು, ನಾವೇ ಹೋಗೋಣ ಎಂದು ನಿಶ್ಚಯಿಸಿದೆ. ಅಮ್ಮ ತಿಪಟೂರಿನಿಂದ ಕಳಿಸಿದ್ದ ಕೊಬ್ಬರಿ ಮನೆಯಲ್ಲಿತ್ತು. ಕೂತು ಸಣ್ಣಗೆ ಹೆಚ್ಚಿದೆ. ಬೆಲ್ಲ ಹೆಚ್ಚಿ ಬೆರಳಿಗೆ ಬೊಬ್ಬೆ ಬಂತು. ಬಿಳಿ ಎಳ್ಳು, ಕಡಲೆಬೀಜ, ಹುರಿಗಡಲೆ ಬೆರೆಸಿ ಪುಟ್ಟ ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ಕಟ್ಟಿ, ಒಂದೊಂದರ ಜೊತೆ ಒಂದು ಸಕ್ಕರೆ ಅಚ್ಚು, ಒಂದು ಬಾಳೆಹಣ್ಣು. ನಮ್ಮೂರಲ್ಲಿ ವರ್ಷವಿಡೀ ಜಗಳಾಡಿದವರೂ ಅವತ್ತು ಎಳ್ಳು ಕೊಟ್ಟು ಮಾತಾಡುತ್ತಾರೆ. ಮಗಳ ಕೈ ಹಿಡಿದು ಮನೆಮನೆಗೂ ಹೋದೆ.

ಏನು ಮರ್ಯಾದೆ, ಏನು ನಯ! ಪ್ರತಿ ಮನೆಯಲ್ಲೂ "ರಂಡಮ್ಮಾ, ರಂಡಿ", ಬನ್ನಿ ಬನ್ನಿ, ಎಂದು ಕರೆದರು. ಪೊಟ್ಟಣ ಚಾಚಿದೊಡನೆ ಒಳಗೆ ಓಡಿ ತಟ್ಟೆ ತಂದು ಒಡ್ಡಿದರು. ಯಾರೂ ಬರಿಗೈಯಲ್ಲಿ ತೆಗೆದುಕೊಳ್ಳಲಿಲ್ಲ. ಮಾಮ್ಮಗಾರು ಹಿತ್ತಾಳೆ ತಟ್ಟೆಯನ್ನೇ ತಂದರು. ಮಗಳ ಕೆನ್ನೆ ಸವರಿ ಕುಂಕುಮ ಇಟ್ಟರು. ಸಂಜೆ ಗಂಡನ ಮುಂದೆ, "ನೋಡಿ, ಒಳ್ಳೆ ಜನಾನೇ. ಎಳ್ಳನ್ನ ತಟ್ಟೇಲಿ ತಗೋತಾರೆ, ದೇವರ ಪ್ರಸಾದದ ಥರ. ನಮ್ಮಲ್ಲಿ ಯಾರಿಗಿದೆ ಇಷ್ಟು ಸಂಸ್ಕಾರ?" ಎಂದು ಹೊಗಳಿದ್ದೇ ಹೊಗಳಿದ್ದು.

ಮರುದಿನ ಬೆಳಿಗ್ಗೆ ಪೊರಕೆ ಹಿಡಿದು ಗೇಟು ತೆಗೆದೆ. ನಿಂಬೆಹಣ್ಣು, ಮೆಣಸಿನಕಾಯಿಗಳ ನಡುವೆ ನನ್ನ ಪೊಟ್ಟಣಗಳು ಬಿದ್ದಿದ್ದವು. ಒಂದೂ ಬಿಚ್ಚಿರಲಿಲ್ಲ. ಸಕ್ಕರೆ ಅಚ್ಚಿಗೆ ಇರುವೆ ಮುತ್ತಿತ್ತು. ಬಾಳೆಹಣ್ಣು ಮಾತ್ರ ಒಂದೂ ಇರಲಿಲ್ಲ, ಅದನ್ನು ತಿಂದಿದ್ದರು.

ಪೊಟ್ಟಣಗಳನ್ನು ಮೊರದಲ್ಲಿ ತುಂಬಿಕೊಂಡು ಸೀದಾ ಮಾಮ್ಮಗಾರ ಜಗಲಿಗೆ ಹೋಗಿ, ಬರುವ ಮುರುಕು ತೆಲುಗಿನಲ್ಲಿ ಇದೇನೆಂದು ಕೇಳಿದೆ. ಆಕೆ ಗಾಬರಿಯಾಗಲಿಲ್ಲ, ನಾಚಲೂ ಇಲ್ಲ.

"ನುವ್ವುಲು ಚೇತ್ತೋ ತೀಸುಕೋಕೂಡದಮ್ಮಾ" ಎಂದರು. ಎಳ್ಳನ್ನು ಇನ್ನೊಬ್ಬರಿಂದ ಕೈಯಲ್ಲಿ ತೆಗೆದುಕೊಳ್ಳಬಾರದು. ಅದು ಶನಿಗೆ, ಸತ್ತವರಿಗೆ ಕೊಡುವುದು. ಕೊಟ್ಟವರ ದೋಷ ತೆಗೆದುಕೊಂಡವರಿಗೆ ಬರುತ್ತದೆ. ಅದರಲ್ಲೂ ನಿನ್ನದು ಆ ಮನೆ ನೋಡು, ಎಂದು ನಮ್ಮ ಗೇಟಿನ ಕಡೆ ಗದ್ದವೆತ್ತಿ ತೋರಿಸಿದರು.

ಎಳ್ಳುನೀರು ಬಿಡುವುದು ನಮಗೂ ಗೊತ್ತು, ಅದು ಕರಿ ಎಳ್ಳು, ಇದು ಬಿಳಿ ಎಂದು ನಾನು ವಾದಿಸಿದೆ. ಬೇಡವೆಂದು ಮುಖದ ಮೇಲೆ ಹೇಳಬಹುದಿತ್ತಲ್ಲ ಎಂದೂ ಕೇಳಿದೆ.

"ಹಬ್ಬದ ದಿನ ಮನೆಗೆ ಬಂದವರಿಗೆ ಬೇಡ ಅನ್ನುವುದು ಚೆನ್ನಾಗಿರುತ್ತದಾ?" ಎಂದು ಆಕೆ ತೆಲುಗಿನಲ್ಲಿ ತಿರುಗಿ ಕೇಳಿದರು. ತಂದು ನಮ್ಮ ಬಾಗಿಲಿಗೆ ಎಸೆಯುವುದು ಚೆನ್ನಾಗಿತ್ತು, ಪಾಪ. ಆ ಬೀದಿಯ ನಯವೆಂದರೆ ಅಷ್ಟೇ: ಎದುರಿಗೆ ಹಿತ್ತಾಳೆ ತಟ್ಟೆ, ಹಿಂದಿನಿಂದ ಮೂರು ದಾರಿ.

ನಾನು ಹಿಂತಿರುಗುವಷ್ಟರಲ್ಲಿ ಮಾಮ್ಮಗಾರು ಮತ್ತೆ ಕರೆದರು. ಮಗು ಏನು ತಪ್ಪು ಮಾಡಿದೆ, ಪಾಪ, ಎಂದರು. ನೀನು ಅದನ್ನೆಲ್ಲ ಗುಡಿಸಿ ಕಾಲು ತೊಳೆಯದೆ ಹಾಗೇ ಒಳಗೆ ಹೋಗುತ್ತೀಯ, ಬೀದಿಯೆಲ್ಲ ನೋಡುತ್ತದೆ, ಅದಕ್ಕೇ ಮಕ್ಕಳನ್ನು ಬಿಡುವುದಿಲ್ಲ. ದಿನಾ ಗುಡಿಸಿದ ಮೇಲೆ ಗೇಟಿನ ಹೊರಗೇ ಕಾಲು ತೊಳೆದುಕೋ, ಎಳ್ಳು ಹಂಚಬೇಡ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ. ಮುನಿಸಿಪಾಲಿಟಿಯೂ ಇಷ್ಟು ಸ್ಪಷ್ಟವಾಗಿ ಅಪ್ಪಣೆ ಕೊಡುವುದಿಲ್ಲ.

ನಾನು ತೊಳೆದುಕೊಂಡೆ. ಬೇರೆ ಏನು ಮಾಡಲಿ? ನಿತ್ಯ ಬೆಳಿಗ್ಗೆ ಇಡೀ ಬೀದಿ ಕಾಫಿ ಕುಡಿಯುತ್ತಾ ನೋಡುತ್ತಿರುವಾಗ, ಅವರದೇ ಕಸ ಎತ್ತಿ, ಅವರಿಗೆ ಕಾಣುವಂತೆ ಸೀರೆ ಎತ್ತಿ ಹಿಡಿದು ಕಾಲು ತೊಳೆಯುತ್ತಿದ್ದೆ. ಮಗಳು ಚೊಂಬಿನಲ್ಲಿ ನೀರು ತಂದು ಹಾಕುತ್ತಿದ್ದಳು, ಅವಳಿಗದು ಆಟ. ಹಲ್ಲು ಕಚ್ಚಿಕೊಂಡು ಒಂದು ವರ್ಷ ಹೀಗೆ ಕಳೆದೆ. ಮುಂದಿನ ಭೋಗಿಗೆ ಮಾಮ್ಮಗಾರು ತಾವೇ ಗೇಟಿನವರೆಗೆ ಬಂದು ಕರೆದರು. ಮಗಳು ಸಾಲಿನ ನಡುವಿನ ಮಣೆಯಲ್ಲಿ ಕೂತಳು. ತಲೆಯ ಮೇಲೆ ಬೋರೆಹಣ್ಣು ಬೀಳುವಾಗ ಕಣ್ಣು ಮುಚ್ಚಿ ನಕ್ಕ ನಗು ಈಗಲೂ ಕಣ್ಣೆದುರಿದೆ. ಅವತ್ತು ನನಗೆ ಖುಷಿಯಾಯಿತು, ಬಹಳ ಖುಷಿಯಾಯಿತು. ಬೀದಿಯ ಮೇಲಿನ ಸಿಟ್ಟು ಮಾತ್ರ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ.

ಆಮೇಲೆ ಮಗಳು ನಮ್ಮ ಮನೆಗೆ ಬರುತ್ತಿದ್ದದ್ದು ಊಟಕ್ಕೆ, ನಿದ್ದೆಗೆ. ಉಳಿದ ಹೊತ್ತೆಲ್ಲ ಮಾಮ್ಮಗಾರ ಜಗಲಿ. ತೆಲುಗು ನೀರು ಕುಡಿದಂತೆ ಬಂತು; ಕನ್ನಡದಲ್ಲಿ ಕೇಳಿದ್ದಕ್ಕೂ ಅರ್ಧ ತೆಲುಗಿನಲ್ಲಿ ಉತ್ತರ. ಅಮ್ಮ ಕಳಿಸುತ್ತಿದ್ದ ಕೊಬ್ಬರಿ ಚಟ್ನಿಗೆ ಹೋಗತೊಡಗಿತು. ಹಂಚುವಂತಿಲ್ಲದ ಮೇಲೆ ಎಳ್ಳು ಬೆಲ್ಲ ಯಾರಿಗೆ ಮಾಡಲಿ ಎಂದು ನಾನೂ ಬಿಟ್ಟುಬಿಟ್ಟೆ.

ಮಗಳಿಗೆ ಹತ್ತು ತುಂಬಿದಾಗ ಗಂಡನಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಪೆಂದುರ್ತಿಯ ಹೊಸ ಲೇಔಟಿನಲ್ಲಿ ಮನೆ. ಆ ಬೀದಿಯವರ ಹೆಮ್ಮೆ ಬೇರೆ ಥರ. ಅಗಲ ರಸ್ತೆ, ಎತ್ತರದ ಗೇಟು, ಗೇಟಿಗೊಂದು ನಾಯಿ. "ಇಲ್ಲಿ ಯಾರೂ ಯಾರ ವಿಷಯಕ್ಕೂ ಬರುವುದಿಲ್ಲ, ಬಹಳ ಡೀಸೆಂಟ್" ಎಂದು ಮನೆ ತೋರಿಸಿದವರೇ ಹೇಳಿದ್ದರು. ನಿಜ, ಒಳಗೆ ಸತ್ತು ಬಿದ್ದಿದ್ದರೂ ಬರುವವರಲ್ಲ. ವಿಜಯವಾಡದಲ್ಲಿ ನಮ್ಮ ಸಾರಿಗೆ ಉಪ್ಪು ಹೆಚ್ಚಾದರೆ ಬೀದಿಗೆ ಗೊತ್ತಾಗುತ್ತಿತ್ತು. ಇಲ್ಲಿ ಎರಡನೇ ಮನೆಯವರ ಮುಖ ಕಂಡದ್ದು ದ್ವಾರಕಾ ನಗರದ ಬಟ್ಟೆ ಅಂಗಡಿಯಲ್ಲಿ, ಅದೂ ಆಕಸ್ಮಿಕವಾಗಿ. ಯಾವ ಬೀದಿಯನ್ನು ಹೆಚ್ಚು ಬೈಯಬೇಕೆಂದು ನನಗೆ ಇನ್ನೂ ತೀರ್ಮಾನವಾಗಿಲ್ಲ.

ಮೊದಲ ಸಂಕ್ರಾಂತಿಯ ದಿನ ನಾನು ಅಡುಗೆಮನೆಯಲ್ಲಿದ್ದೆ. ಕಿಟಕಿಯಿಂದ ಗೇಟು ಕಾಣುತ್ತದೆ. ರೇಷ್ಮೆ ಸೀರೆ ಉಟ್ಟ ಚಿಕ್ಕ ವಯಸ್ಸಿನ ಹೆಂಗಸೊಬ್ಬಳು ಕೈಯಲ್ಲಿ ಬುಟ್ಟಿ ಹಿಡಿದು ನಿಂತಿದ್ದಳು. ಅವಳನ್ನು ನೋಡಿ ಬಲ್ಲೆ, ಅಷ್ಟೇ. ಗಂಡ ನೌಕಾಪಡೆಯಲ್ಲಿದ್ದಾನೆ, ಆ ತಿಂಗಳೇ ಕೊನೆಯ ಮನೆಗೆ ಬಂದವರು. ಮಗಳು ಗೇಟಿಗೆ ಹೋದಳು.

"ಪುಟ್ಟಿ, ನೀವೂ ಕನ್ನಡದವ್ರಂತೆ, ಹಾಲಿನವ್ನು ಹೇಳ್ದ. ನಾವು ಅರಸೀಕೆರೆಯವ್ರು. ಎಳ್ಳು ತಗೊಳಮ್ಮ, ಅಮ್ಮಂಗೆ ಹೇಳು."

ಅರಸೀಕೆರೆ! ನಮ್ಮೂರಿನ ಮಗ್ಗುಲಲ್ಲೇ ಇದೆ. ಒಲೆ ಆರಿಸಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಮಗಳು ಒಳಗೆ ಓಡಿ ಬಂದಳು. ನನ್ನನ್ನು ಕರೆಯಲಿಲ್ಲ. ಸ್ಟ್ಯಾಂಡಿನಿಂದ ಒಂದು ಸ್ಟೀಲ್ ತಟ್ಟೆ ಎಳೆದುಕೊಂಡು ಹೊರಗೆ ಓಡಿದಳು. ತಟ್ಟೆ ಒಡ್ಡಿ, ತಲೆ ಬಾಗಿಸಿ, "ಥ್ಯಾಂಕ್ಸ್ ಆಂಟಿ, ತುಂಬಾ ಚೆನ್ನಾಗಿದೆ" ಎಂದು ನಕ್ಕಳು. ಆ ಹೆಂಗಸಿನ ಮುಖ ಅರಳಿತು. ನಾನು ಒಮ್ಮೆ ಅರಳಿದ್ದೂ ಹೀಗೆಯೇ. ಅವಳು ಮುಂದಿನ ಗೇಟಿಗೆ ಹೋದಳು. ಮಗಳು ತಟ್ಟೆ ಹಿಡಿದು ಎದುರು ದಿಕ್ಕಿಗೆ, ನಮ್ಮ ರಸ್ತೆ ಇನ್ನೊಂದನ್ನು ಕೂಡುವ ಜಾಗಕ್ಕೆ ನಡೆದಳು. ತಟ್ಟೆ ಓರೆ ಮಾಡಿದಳು. ಹಿಂದಿರುಗಿ ನೋಡದೆ ಬಂದು ಗೇಟಿನ ಹೊರಗಿನ ನಲ್ಲಿಯಲ್ಲಿ ಕಾಲು ತೊಳೆದುಕೊಂಡಳು.

ನಾನು ಬರಿಗಾಲಲ್ಲೇ ಹೋಗಿ ಪೊಟ್ಟಣ ಎತ್ತಿಕೊಂಡೆ. ಕೊಬ್ಬರಿಯನ್ನು ಎಳ್ಳಿನಷ್ಟೇ ಸಣ್ಣಗೆ ಹೆಚ್ಚಿದ್ದಳು, ಪುಣ್ಯಾತ್ಗಿತ್ತಿ, ಬೆರಳಿಗೆ ಬೊಬ್ಬೆ ಬಂದಿರಬೇಕು. ಆ ಹೆಂಗಸು ಇನ್ನೂ ರಸ್ತೆಯಲ್ಲೇ ಇದ್ದಳು. ಕಾಣಿಸದಿರಲೆಂದು ಪೊಟ್ಟಣವನ್ನು ಸೆರಗಿನಲ್ಲಿ ಮುಚ್ಚಿಕೊಂಡು ವಾಪಸು ಬಂದೆ.

ಮಗಳು ಚೊಂಬಿನಲ್ಲಿ ನೀರು ತುಂಬಿಕೊಂಡು ಗೇಟಿಗೆ ಅಡ್ಡ ನಿಂತಿದ್ದಳು. "ಅಮ್ಮಾ, ಅದು ನುವ್ವುಲು ಕದಾ, ಯಾಕೆ ಮುಟ್ಟಿದೆ? ಹೊರಗೆ ಬಿಟ್ಟು, ಕಾಲು ತೊಳ್ಕೊಂಡು ಬಾ."

"ಅದನ್ನ ಕೊಟ್ಟಿದ್ದು ನಮ್ಮೂರೋರು ಕಣೆ."

"ಯಾರಾದ್ರೇನಮ್ಮಾ" ಎಂದಳು, ಥೇಟ್ ಮಾಮ್ಮಗಾರ ಸಮಾಧಾನದಲ್ಲಿ. "ಬೇಡ ಅಂದ್ರೆ ಅವ್ರಿಗೆ ಬೇಜಾರಾಗಲ್ವಾ?"

ಗೇಟು ಬಿಟ್ಟು ಸರಿಯಲಿಲ್ಲ. ನಾನು ಸೀರೆ ಎತ್ತಿ ಕಾಲು ಒಡ್ಡಿದೆ, ಅವಳು ನಿಧಾನವಾಗಿ ನೀರು ಹಾಕಿದಳು. ಪೊಟ್ಟಣವನ್ನು ಮಾತ್ರ ಬಿಡಲಾಗಲಿಲ್ಲ. ನಮ್ಮ ಗೇಟಿನ ಹೊರಗೆ, ಒದ್ದೆ ಕಾಲಲ್ಲಿ ನಿಂತು, ಅದನ್ನು ಪೂರ್ತಿ ತಿಂದು ಮುಗಿಸಿದ ಮೇಲೆ ಒಳಗೆ ಹೋದೆ.